ಸಿಎ ಸೈಟಿನಲ್ಲಿ ಗ್ರೂಪ್ ಹೋಮ್: ನಿವಾಸಿಗಳ ಸಂಘ ಏನು ಕೇಳಬಹುದು, ಏನು ಕೇಳುವಂತಿಲ್ಲ?

ಪ್ರಶ್ನೆ: ಸಂಘದ_ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಒಂದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ವಿಷಯ. ಪಾರ್ಕಿಗೆ ಹೊಂದಿಕೊಂಡಂತೆ ಸುಮಾರು 900 ಚದರ ಮೀಟರಿನ ಮೂಲೆ ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಮೀಸಲಾದ ಜಾಗ) ಮೊದಲಿನಿಂದಲೂ ಖಾಲಿ ಬಿದ್ದಿದೆ. ಈಗ ಒಂದು ಚಾರಿಟಬಲ್ ಟ್ರಸ್ಟ್ ಅದನ್ನು ಗುತ್ತಿಗೆಗೆ ಕೇಳಿದೆ. 18 ವರ್ಷ ದಾಟಿದ, ಬೌದ್ಧಿಕ ಅಂಗವೈಕಲ್ಯವಿರುವ 20 ಮಂದಿಗೆ ಕಾಯಂ ವಾಸದ ಗ್ರೂಪ್ ಹೋಮ್ ಕಟ್ಟುವ ಯೋಚನೆ. ತಂದೆತಾಯಿಗೆ ವಯಸ್ಸಾಗಿ ನೋಡಿಕೊಳ್ಳುವವರಿಲ್ಲದವರಿಗೆ ಮೊದಲ ಆದ್ಯತೆಯಂತೆ.

ಭಾನುವಾರದ ಸಭೆಯಲ್ಲಿ ಸಂಘ ಎರಡು ಹೋಳಾಯಿತು. ಬೇಡ ಎನ್ನುವವರ ಮಾತು: ಪಕ್ಕದಲ್ಲೇ ಮಕ್ಕಳು ಆಡುವ ಪಾರ್ಕಿದೆ, ಒಳಚರಂಡಿ ಈಗಲೇ ಉಕ್ಕುತ್ತದೆ, ಸೈಟಿನ ಬೆಲೆ ಬೀಳುತ್ತದೆ, "ಮೆಂಟಲ್ ಆಸ್ಪತ್ರೆ" ಊರ ಹೊರಗಿರಲಿ. ಬೇಕು ಎನ್ನುವವರ ಮಾತು: ಇಷ್ಟು ವರ್ಷ ಕಸ ಸುರಿದ ಜಾಗಕ್ಕೆ ಒಂದು ಗತಿಯಾಗುತ್ತದೆ, ಇದೇ ಬಡಾವಣೆಯಲ್ಲೂ ಅಂಥ ಮಕ್ಕಳಿರುವ ಮನೆಗಳಿವೆ.

ಎರಡು ವಾರದೊಳಗೆ ಸಂಘದ ನಿಲುವನ್ನು ಬರೆದು ಕೊಡಬೇಕು. ಬಲ್ಲವರಲ್ಲಿ ಮೂರು ಪ್ರಶ್ನೆ. ನಮ್ಮ ಒಪ್ಪಿಗೆ ಇಲ್ಲದೆ ಈ ಜಾಗ ಕೊಡಬಹುದೇ? ಸಿಎ ಸೈಟಿನಲ್ಲಿ ಜನ ವಾಸ ಮಾಡುವ ಕಟ್ಟಡ ಕಟ್ಟಲು ಕಾನೂನು ಬಿಡುತ್ತದೆಯೇ? ಬಿಡುವುದಾದರೆ ಯಾವ ಷರತ್ತು ಹಾಕಿ ಎಂದು ಕೇಳಲು ನಮಗೆ ಹಕ್ಕಿದೆ?

ಉತ್ತರ 1: ನಕ್ಷೆ_ಮೊದಲು

ಸಾರ್, ಗ್ರೂಪ್ ಹೋಮಿನ ಮಾತು ಆಮೇಲೆ. ಜಾಗ ನಿಜಕ್ಕೂ ಸಿಎ ಸೈಟೇ, ಅಥವಾ ಪಾರ್ಕಿನ ಭಾಗವೇ? ನಿಮ್ಮ ಸಭೆಯಲ್ಲಿ ಇದನ್ನು ಯಾರೂ ಕೇಳಿದಂತಿಲ್ಲ. ಇಡೀ ವಾದ ನಿಂತಿರುವುದು ಇದರ ಮೇಲೆ.

ಬಿಡಿಎ ಕಾಯ್ದೆ 1976ರ 38ಎ ಕಲಮು ಓದಿ. ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗವನ್ನು ಅದೇ ಉದ್ದೇಶಕ್ಕೆ ಗುತ್ತಿಗೆ ಕೊಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಉದ್ಯಾನ, ಆಟದ ಮೈದಾನ, ಸಿಎ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಟ್ಟರೆ ಆ ವಿಲೇವಾರಿಯೇ ಅಸಿಂಧು. ಇನ್ನು ನಾಗರಿಕ ಸೌಲಭ್ಯ ಅಂದರೆ ಏನು ಎಂಬುದಕ್ಕೆ 2(ಬಿಬಿ) ಕಲಮಿನಲ್ಲಿ ಪಟ್ಟಿಯಿದೆ: ಮಾರುಕಟ್ಟೆ, ಅಂಚೆ ಕಚೇರಿ, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಶಾಲೆ, ಆಸ್ಪತ್ರೆ, ಗ್ರಂಥಾಲಯ, ಬಸ್ ನಿಲ್ದಾಣ ಹೀಗೆ. ಅದೇ ಪಟ್ಟಿಯಲ್ಲಿ ನೋಂದಾಯಿತ ಸಂಘ, ಸಹಕಾರ ಸಂಘ ಅಥವಾ ಪೂರ್ತಿ ಧರ್ಮಾರ್ಥ, ಶೈಕ್ಷಣಿಕ, ಧಾರ್ಮಿಕ ಉದ್ದೇಶದ ಟ್ರಸ್ಟ್ ನಡೆಸುವ ಸಾಮಾಜಿಕ ಇಲ್ಲವೇ ಪರೋಪಕಾರ ಸೇವೆಯ ಕೇಂದ್ರವೂ ಸೇರಿದೆ. ಗ್ರೂಪ್ ಹೋಮ್ ಬರುವುದು ಈ ಬಾಗಿಲಿನಿಂದ. ಹಾಗಾಗಿ ಟ್ರಸ್ಟ್ ಡೀಡಿನ ಉದ್ದೇಶದ ಪುಟ ಓದಲೇಬೇಕು. "ಪೂರ್ತಿ" ಎಂಬ ಪದ ಸುಮ್ಮನೆ ಕೂತಿಲ್ಲ.

ಈ ಊರಿನದೇ ಒಂದು ತೀರ್ಪು ಇದೆ, ನಿಮ್ಮ ಎರಡೂ ಬಣ ಓದಬೇಕಾದದ್ದು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಪ್ರಕರಣ, ಸುಪ್ರೀಂ ಕೋರ್ಟ್, 1991. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು, ಅದೂ ಮುಖ್ಯಮಂತ್ರಿಗಳ ಸೂಚನೆಯಂತೆ. ಹಂಚಿಕೆ ಬಿದ್ದುಹೋಯಿತು. ಅಲ್ಲಿನ ನಿವಾಸಿಗಳಿಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ ಎಂದೂ ಕೋರ್ಟ್ ಹೇಳಿತು. ವಿರೋಧಿಸುವವರು ಈ ತೀರ್ಪನ್ನು ಬಾವುಟದಂತೆ ಹಿಡಿಯುವುದುಂಟು. ಆದರೆ ಅಲ್ಲಿದ್ದದ್ದು ಪಾರ್ಕಿನ ಜಾಗ. ನಿಮ್ಮದು ನಕ್ಷೆಯಲ್ಲಿ ಸಿಎ ಎಂದೇ ಇದ್ದರೆ ಅದೇ ತೀರ್ಪು ನಿಮಗೆ ಆಸರೆಯಾಗುವುದಿಲ್ಲ. ಪಾರ್ಕಿನ ಒಂದು ಅಡಿಯನ್ನಾದರೂ ಒಳಗೆ ಎಳೆದುಕೊಂಡಿದ್ದರೆ ಆ ಅಡಿಯ ಮಟ್ಟಿಗೆ ಖಂಡಿತ ಆಗುತ್ತದೆ.

ಮಾಡಬೇಕಾದದ್ದು: ಬಿಡಿಎ ನಗರ ಯೋಜನಾ ವಿಭಾಗದಿಂದ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತೆಗೆಯಿರಿ. ಇಂಟರ್ನೆಟ್ಟಿನಲ್ಲಿ ಓಡಾಡುವ ಪಿಡಿಎಫ್ ಸಾಲದು. ಸಿಎ ಸೈಟಿನ ಸಂಖ್ಯೆ, ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದುಕೊಂಡು ಟೇಪು ಹಿಡಿದು ನಾಲ್ಕೂ ಬದಿ ಅಳೆಯಿರಿ. ಬೇಲಿ ಅಳತೆಗೆ ಸಾಕ್ಷಿಯಲ್ಲ. ಪಾರ್ಕಿನ ಬೇಲಿ ಸಿಎ ಜಾಗದೊಳಗೆ ಬಂದಿರುವುದೂ ಉಂಟು, ಉಲ್ಟಾ ಆಗಿರುವುದೂ ಉಂಟು. ನಕ್ಷೆಯಲ್ಲಿ ಬರೀ "ಸಿಎ" ಎಂದಿದೆಯೋ, "ಅಂಚೆ ಕಚೇರಿ", "ಶಾಲೆ" ಎಂದು ನಿರ್ದಿಷ್ಟವಾಗಿ ಬರೆದಿದೆಯೋ ನೋಡಿ. ನಿರ್ದಿಷ್ಟವಾಗಿದ್ದರೆ ಅದು ನಿಜವಾದ ಆಕ್ಷೇಪಣೆಯ ಅಂಶ.

ಮೊದಲ ಪ್ರಶ್ನೆಗೆ ನೇರ ಉತ್ತರ: ಸಂಘದ ಒಪ್ಪಿಗೆ ಬೇಕೆಂದು ನಿಯಮವಿಲ್ಲ. ಹಂಚಿಕೆ ನಡೆಯುವುದು 1989ರ ಸಿಎ ಸೈಟು ಹಂಚಿಕೆ ನಿಯಮಗಳ ಪ್ರಕಾರ: ಪ್ರಕಟಣೆ, ಅರ್ಜಿ, ಸಮಿತಿ ಪರಿಶೀಲನೆ, 30 ವರ್ಷದ ಗುತ್ತಿಗೆ. ಪ್ರಕಟಣೆ ಹೊರಡಿಸದೆ ಕೊಟ್ಟಿದ್ದರೆ ಪ್ರಶ್ನಿಸಿ. ಇನ್ನೊಂದು ಮಾತು, ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದ ಮೇಲೆ ಜನ ಮನವಿಯನ್ನು ತಪ್ಪು ಕಚೇರಿಗೆ ಕೊಟ್ಟು ಹಿಂಬರಹಕ್ಕೆ (ಕಚೇರಿಯ ಲಿಖಿತ ಉತ್ತರಕ್ಕೆ) ಕಾಯುತ್ತಿದ್ದಾರೆ. ಸಿಎ ಸೈಟನ್ನು ಗುತ್ತಿಗೆ ಕೊಡುವವರು ಬಿಡಿಎ. ಚರಂಡಿ, ರಸ್ತೆ, ಕಸಕ್ಕೆ ಬೇರೆ ಬೇರೆ ಬಾಗಿಲು. ಜಾಗ ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂಬುದನ್ನು ಮಾತ್ರ ಕಾಗದದ ಮೇಲೆ ಖಚಿತ ಮಾಡಿಕೊಳ್ಳಿ.

ಉತ್ತರ 2: ಆರೈಕೆ_ಕ್ಷೇತ್ರ

"ಮೆಂಟಲ್ ಆಸ್ಪತ್ರೆ" ಎಂಬ ಮಾತನ್ನು ಮೊದಲು ನಡವಳಿ ಪುಸ್ತಕದಿಂದ ತೆಗೆಸಿ. ಅದು ಅಸಭ್ಯ ಎಂಬುದು ಒಂದು. ಅದಕ್ಕಿಂತ ಮುಖ್ಯವಾಗಿ, ಅದರಿಂದ ನೀವು ತಪ್ಪು ಕಾಯ್ದೆಯ ಹಿಂದೆ ಬೀಳುತ್ತೀರಿ.

ಮಾನಸಿಕ ಅಸ್ವಸ್ಥತೆ ಬೇರೆ, ಬೌದ್ಧಿಕ ಅಂಗವೈಕಲ್ಯ ಬೇರೆ. ಮೊದಲನೆಯದಕ್ಕೆ ಚಿಕಿತ್ಸೆಯಿದೆ, ಏರಿಳಿತವಿದೆ. ಅದನ್ನು ನೋಡಿಕೊಳ್ಳುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017. ಎರಡನೆಯದು ಹುಟ್ಟಿನಿಂದ ಅಥವಾ ಎಳವೆಯಿಂದ ಬಂದ, ಕಲಿಕೆ ಮತ್ತು ದಿನನಿತ್ಯದ ಕೆಲಸದಲ್ಲಿ ನೆರವು ಬೇಕಾಗುವ ಸ್ಥಿತಿ. 2017ರ ಕಾಯ್ದೆಯ ವ್ಯಾಖ್ಯೆಯೇ ಇದನ್ನು ಮಾನಸಿಕ ಅಸ್ವಸ್ಥತೆಯಿಂದ ಹೊರಗಿಟ್ಟಿದೆ. ನಿಮ್ಮ ಪ್ರಕರಣಕ್ಕೆ ಅನ್ವಯಿಸುವುದು ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಮತ್ತು ನ್ಯಾಷನಲ್ ಟ್ರಸ್ಟ್ ಕಾಯ್ದೆ 1999. ಈ ಎರಡನೆಯ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಈ ನಾಲ್ಕಕ್ಕೆ. ವಯಸ್ಕರ ಗ್ರೂಪ್ ಹೋಮಿಗೆ ಅದರಡಿ "ಘರೌಂದಾ" ಎಂಬ ಯೋಜನೆಯೂ ಇದೆ. ನಿಮ್ಮ ಟ್ರಸ್ಟ್ ಮುಂದೆ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರನ್ನೂ ಸೇರಿಸುವುದಾದರೆ ಆಗ 2017ರ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕಾಗುತ್ತದೆ. ಇದನ್ನು ಈಗಲೇ ಕೇಳಿ ಬರೆಸಿಕೊಳ್ಳಿ.

ಕೇಳಬೇಕಾದ ಕಾಗದ ಮುಖ್ಯವಾಗಿ ಒಂದೇ: 2016ರ ಕಾಯ್ದೆಯ 50, 51ನೇ ಕಲಮಿನ ನೋಂದಣಿ ಪ್ರಮಾಣಪತ್ರ. ಅದಿಲ್ಲದೆ ಅಂಗವಿಕಲರ ಸಂಸ್ಥೆ ನಡೆಸುವಂತಿಲ್ಲ. ಅರ್ಜಿಯ ಮೇಲೆ 90 ದಿನದೊಳಗೆ ತೀರ್ಮಾನವಾಗಬೇಕು, ಸಿಕ್ಕ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಕಡೆ ತೂಗುಹಾಕಬೇಕು. ಕಟ್ಟಡ ಏಳುವ ಮೊದಲು ಇದು ಸಿಗುವುದಿಲ್ಲ, ಆದ್ದರಿಂದ "ಈಗಲೇ ತೋರಿಸಿ" ಎನ್ನಬೇಡಿ. ಬೇರೆ ಕಡೆ ಅವರು ಈಗಾಗಲೇ ನಡೆಸುತ್ತಿರುವ ಕೇಂದ್ರದ ಪ್ರಮಾಣಪತ್ರ ಕೇಳಿ.

ಇನ್ನು ಹಕ್ಕಿನ ಮಾತು. ಅದೇ ಕಾಯ್ದೆಯ 5ನೇ ಕಲಮು ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕು ಕೊಡುತ್ತದೆ. ಮೂವತ್ತೇಳನೇ ಕಲಮಿನಲ್ಲಿ ವಸತಿ, ಆಶ್ರಯದಂಥ ಉದ್ದೇಶಕ್ಕೆ ರಿಯಾಯಿತಿ ದರದಲ್ಲಿ ಕೊಡುವ ಜಾಗದಲ್ಲಿ ಶೇ 5 ಮೀಸಲಿಡುವ ಮಾತಿದೆ. ಎಂದಮೇಲೆ "ಊರ ಹೊರಗಿರಲಿ" ಎಂಬ ಠರಾವು ಪಾಸು ಮಾಡಿದರೆ ಅದು ಸಂಘದ ವಿರುದ್ಧವೇ ಸಾಕ್ಷಿಯಾಗುತ್ತದೆ. ವಾಟ್ಸಾಪ್ ಗುಂಪಿನಲ್ಲೂ ನಾಲಿಗೆ ಬಿಗಿ ಹಿಡಿಯಲು ಹೇಳಿ. ಸಾರ್ವಜನಿಕರ ಕಣ್ಣೆದುರು ಅಂಗವಿಕಲ ವ್ಯಕ್ತಿಯನ್ನು ಬೇಕೆಂದೇ ಅವಮಾನಿಸಿದರೆ 92ನೇ ಕಲಮಿನಡಿ 6 ತಿಂಗಳಿನಿಂದ 5 ವರ್ಷದವರೆಗೆ ಜೈಲು.

ಪಾರ್ಕಿನ ಮಕ್ಕಳ ಬಗ್ಗೆ ಇರುವ ಅಂಜಿಕೆಗೆ ಒಂದು ಮಾತು. ಇಂಥ ಮನೆಗಳಲ್ಲಿ ನಿಜವಾಗಿ ಎದುರಾಗುವ ತೊಂದರೆ ಬೇರೆಯವು. ಒಬ್ಬರು ಗೇಟು ದಾಟಿ ನಡೆದುಬಿಟ್ಟು ದಾರಿ ತಿಳಿಯದೆ ನಿಲ್ಲುತ್ತಾರೆ. ಫಿಟ್ಸ್ ಇರುವವರಿಗೆ ಒಂದು ಹೊತ್ತಿನ ಮಾತ್ರೆ ತಪ್ಪಿ ರಾತ್ರಿ ಫಿಟ್ಸ್ ಬರುತ್ತದೆ. ಮಾತು ಬಾರದವರು ಹಲ್ಲುನೋವನ್ನೋ ಮಲಬದ್ಧತೆಯನ್ನೋ ಹೇಳಲಾಗದೆ ಕೂಗುತ್ತಾರೆ, ನೆರೆಯವರು ಅದನ್ನು "ಹುಚ್ಚು" ಎನ್ನುತ್ತಾರೆ. ಆರೈಕೆದಾರರು ಪದೇ ಪದೇ ಬದಲಾಗಿ, ಯಾರಿಗೆ ಏನು ಕೊಟ್ಟರೆ ಆಗದು ಎಂಬ ತಿಳಿವಳಿಕೆ ಅವರ ಜೊತೆಯೇ ಹೊರಟುಹೋಗುತ್ತದೆ. ಇವಕ್ಕೆಲ್ಲ ಮದ್ದು ಸಾಕಷ್ಟು ಸಿಬ್ಬಂದಿ ಮತ್ತು ಬರೆದಿಟ್ಟ ದಾಖಲೆ. ಹಾಗಾಗಿ ಸಂಘ ಕೇಳಬೇಕಾದದ್ದು ಸಿಬ್ಬಂದಿಯ ಲೆಕ್ಕ.

ಲೆಕ್ಕ ಸುಲಭ. ವಾರಕ್ಕೆ 168 ಗಂಟೆ, ಒಬ್ಬರ ದುಡಿಮೆ 48 ಗಂಟೆ. ಒಂದು ಜಾಗದಲ್ಲಿ ಸದಾ ಒಬ್ಬರಿರಬೇಕೆಂದರೆ ಮೂರೂವರೆ ಜನ. ಇಪ್ಪತ್ತು ನಿವಾಸಿಗಳಿಗೆ ಎಚ್ಚರದ 16 ಗಂಟೆ ನಾಲ್ವರು, ರಾತ್ರಿಯ 8 ಗಂಟೆ ಇಬ್ಬರು ಎಂದಿಟ್ಟುಕೊಳ್ಳಿ: ವಾರಕ್ಕೆ 448 ಮತ್ತು 112, ಒಟ್ಟು 560 ಗಂಟೆ. ಭಾಗಿಸಿದರೆ 12 ಆರೈಕೆದಾರರು, ರಜೆ ಕಾಯಿಲೆ ಸೇರಿಸಿದರೆ 14. ಅಡುಗೆಯವರು, ಶುಚಿ ಮಾಡುವವರು ಇದರ ಹೊರಗೆ. ಯೋಜನಾ ವರದಿಯಲ್ಲಿ "6 ಆರೈಕೆದಾರರು" ಎಂದು ಬರೆದಿದ್ದರೆ ರಾತ್ರಿ ಬೀಗ ಹಾಕಿ ಮಲಗುವ ಯೋಜನೆ ಅದು ಎಂದೇ ಅರ್ಥ.

ಉತ್ತರ 3: ಮೂರನೇ_ಅಡ್ಡರಸ್ತೆ

ನಾನು ಬೇಡ ಎನ್ನುವ ಬಣದವನು, ಆದರೆ ಮೇಲಿನ ಕಾರಣಗಳಿಗಲ್ಲ.

ಸಿಎ ಸೈಟಿನ ರೋಗ ಎಲ್ಲರಿಗೂ ಗೊತ್ತು. ಧರ್ಮಾರ್ಥ ಎಂದು ಪಡೆದು, ಮೊದಲೆರಡು ವರ್ಷ ಬೋರ್ಡು ತೂಗುಹಾಕಿ, ಆಮೇಲೆ ಮೇಲಿನ ಮಹಡಿ ಕೋಚಿಂಗ್ ಸೆಂಟರ್, ಕೆಳಗಿನದು ಮದುವೆ ಹಾಲ್. ಬಾಡಿಗೆ ಯಾರ ಕಿಸೆಗೆ ಎಂದು ಕೇಳುವವರಿಲ್ಲ. ಷರತ್ತು ಮುರಿದರೆ ವಿಚಾರಣೆ ನಡೆಸಿ ಸೈಟನ್ನು ಮರುವಶ ಮಾಡಿಕೊಳ್ಳುವ ಅಧಿಕಾರ 38ಎ ಕಲಮಿನಲ್ಲೇ ಇದೆ. ಆದರೆ ಅಲ್ಲಿಗೆ ಫೈಲು ತಳ್ಳುವವರು ಬೇಕಲ್ಲ. ಅಲ್ಲಿ ವಾಸಿಸುವವರೇ ದೂರು ಬರೆಯಬಲ್ಲವರಲ್ಲ ಎಂದಾದಾಗ ನೆರೆಯವರು ಇನ್ನಷ್ಟು ಕಣ್ಣಿಡಬೇಕು.

ಎರಡನೆಯ ತಕರಾರು ಸಂಖ್ಯೆಯದು. ಇಪ್ಪತ್ತು ಮಂದಿಯನ್ನು ಒಂದೇ ಕಟ್ಟಡದಲ್ಲಿಟ್ಟರೆ ಅದು ಹಾಸ್ಟೆಲ್. ಏಳಕ್ಕೆ ಗಂಟೆ, ಎಂಟಕ್ಕೆ ಸಾಲಾಗಿ ಉಪ್ಪಿಟ್ಟು. ಸಮುದಾಯದಲ್ಲಿ ಬದುಕುವ ಹಕ್ಕು ಎಂದು ಕಲಮು ಓದುವವರು ಇದಕ್ಕೂ ಉತ್ತರ ಕೊಡಬೇಕು. ಚೆನ್ನೈನ ದಿ ಬನಿಯನ್ ಸಂಸ್ಥೆ "ಹೋಮ್ ಅಗೇನ್" ಎಂಬ ಹೆಸರಿನಲ್ಲಿ ಸಾಮಾನ್ಯ ಬೀದಿಗಳಲ್ಲಿ ಮನೆ ಬಾಡಿಗೆಗೆ ಹಿಡಿದು ನಾಲ್ಕೈದು ಮಂದಿಯನ್ನು ಒಟ್ಟಿಗಿರಿಸುವ ಕ್ರಮ ನಡೆಸುತ್ತಿದೆ. ಅಲ್ಲಿರುವವರು ದೀರ್ಘಕಾಲದ ಮಾನಸಿಕ ಕಾಯಿಲೆಯವರು ನಿಜ, ಆದರೆ ಮನೆ ಅನ್ನಿಸಲು ಎಷ್ಟು ಜನ ಇರಬೇಕು ಎಂಬುದಕ್ಕೆ ಅದು ಒಳ್ಳೆಯ ಅಳತೆಗೋಲು. ಒಂಬೈನೂರು ಚದರ ಮೀಟರಿನಲ್ಲಿ ಐದೈದು ಜನರ ನಾಲ್ಕು ಮನೆ, ಪ್ರತಿಯೊಂದಕ್ಕೂ ಅದರದೇ ಅಡುಗೆಮನೆ, ಅದರದೇ ಮುಂಬಾಗಿಲು ಎಂದು ಕಟ್ಟಿದರೆ ನನ್ನ ತಕರಾರು ಅರ್ಧ ಕಡಿಮೆ.

ಹಣದ ಕಡೆ: ಹಿಂದಿನ 3 ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಅನುದಾನ, ದೇಣಿಗೆ, ಪೋಷಕರ ಕಂತು ಯಾವುದರ ಪಾಲು ಎಷ್ಟು ನೋಡಿ. ಪೋಷಕರು ಒಂದೇ ಗಂಟಿನಲ್ಲಿ ದೊಡ್ಡ ಠೇವಣಿ ಕೊಡುವ ಪದ್ಧತಿಯಿದ್ದರೆ ಆ ಹಣ ಕಟ್ಟಡಕ್ಕೆ ಸುರಿಯುವುದೋ, ಬ್ಯಾಂಕಿನಲ್ಲಿ ಉಳಿಯುವುದೋ? ಕಟ್ಟಡಕ್ಕೆ ಹೋದರೆ ಐದನೇ ವರ್ಷಕ್ಕೆ ಸಂಬಳಕ್ಕೆ ಪರದಾಟ ಶುರು. ಆಗಲೇ ಮೇಲಿನ ಮಹಡಿ ಬಾಡಿಗೆಗೆ ಹೋಗುವುದು.

ಉತ್ತರ 4: ಇಟ್ಟಿಗೆ_ಸುಣ್ಣ

ಕಟ್ಟಡದ ಬಗ್ಗೆ ಯಾರೂ ಮಾತಾಡಿಲ್ಲ. ಚರಂಡಿ ಉಕ್ಕುತ್ತದೆ ಎಂಬುದು ನಿಮ್ಮ ಪಟ್ಟಿಯಲ್ಲಿ ಇರುವುದರಲ್ಲಿ ಗಟ್ಟಿಯಾದ ಆಕ್ಷೇಪ, ಆದರೆ ಅದಕ್ಕೂ ಅಂಕಿ ಬೇಕು.

ನೀರು: ತಲೆಗೆ ದಿನಕ್ಕೆ 135 ಲೀಟರ್ ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. ನಿವಾಸಿಗಳು, ಒಂದು ಹೊತ್ತಿಗೆ ಇರುವ ಸಿಬ್ಬಂದಿ ಸೇರಿ 26 ತಲೆಗೆ 3,510 ಲೀಟರ್. ಹಾಸಿಗೆ ಬಟ್ಟೆ ಒಗೆತ ಹೆಚ್ಚಿರುವುದರಿಂದ 4,500 ಹಿಡಿಯಿರಿ. ಕಾವೇರಿ ನೀರು ದಿನ ಬಿಟ್ಟು ದಿನವಾದರೆ 10,000 ಲೀಟರಿನ ಸಂಪು ಬೇಕು, ಇಲ್ಲದಿದ್ದರೆ ವಾರಕ್ಕೆರಡು ಸಲ ಟ್ಯಾಂಕರ್ ನಿಮ್ಮ ಅಡ್ಡರಸ್ತೆಯಲ್ಲಿ ನಿಲ್ಲುತ್ತದೆ. ಅದೇ ಜಾಗದಲ್ಲಿ ಎಂಟು ಫ್ಲಾಟು ಎದ್ದಿದ್ದರೂ ಮೂವತ್ತು ಜನ ಇರುತ್ತಿದ್ದರು, ಆಗ ಯಾರೂ ಚರಂಡಿಯ ಸೊಲ್ಲೆತ್ತುತ್ತಿರಲಿಲ್ಲ ಎಂಬುದೂ ನೆನಪಿರಲಿ.

ಚರಂಡಿ ಕಟ್ಟಿಕೊಳ್ಳುವುದು ನೀರಿನಿಂದಲ್ಲ, ಡೈಪರಿನಿಂದ ಮತ್ತು ಒರೆಸುವ ಬಟ್ಟೆಯಿಂದ. ಮನೆಗಳಿಗೆ ಹಾಕುವ 110 ಎಂಎಂ ಪೈಪಿನ ಬದಲು 160 ಎಂಎಂ ಪೈಪು, ರಸ್ತೆಯ ಮ್ಯಾನ್‌ಹೋಲಿಗೆ ಸೇರುವ ಮೊದಲು ಕಾಂಪೌಂಡಿನೊಳಗೇ ಜಾಲರಿ ಇರುವ ತಪಾಸಣೆ ಗುಂಡಿ. ಈ ಗುಂಡಿ ಇದ್ದರೆ ಕಟ್ಟಿಕೊಂಡಾಗ ಅವರ ಅಂಗಳದಲ್ಲೇ ಉಕ್ಕುತ್ತದೆ, ಬೀದಿಯಲ್ಲಲ್ಲ. ಡೈಪರು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಸ್ಯಾನಿಟರಿ ಕಸವಾಗಿ ಬೇರೆ ಕೊಡಬೇಕು. ಸೂಜಿ, ಸಿರಿಂಜು ಇದ್ದರೆ ಅದು ಜೈವಿಕ ವೈದ್ಯಕೀಯ ತ್ಯಾಜ್ಯ. ಪಾಲಿಕೆಯ ಆಟೋಗೆ ಹಾಕುವಂತಿಲ್ಲ.

ರ‍್ಯಾಂಪ್: 1:12ಕ್ಕಿಂತ ಕಡಿದಾಗಿರಬಾರದು. ನೆಲಗಟ್ಟು ರಸ್ತೆಯಿಂದ 450 ಎಂಎಂ ಎತ್ತರವಿದ್ದರೆ ರ‍್ಯಾಂಪೇ 5.4 ಮೀಟರ್, ಮೇಲೆ ಕೆಳಗೆ ಒಂದೂವರೆ ಮೀಟರಿನ ಸಮತಟ್ಟು ಸೇರಿ 8.4 ಮೀಟರ್. ಇದನ್ನು ನಕ್ಷೆಯಲ್ಲಿ ಮೊದಲೇ ಬಿಡದಿದ್ದರೆ ಕೊನೆಗೆ ಫುಟ್‌ಪಾತಿನ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಆಗ ಜಗಳ ಶುರು, ತಪ್ಪು ಗಾಲಿಕುರ್ಚಿಯವರ ತಲೆಗೆ. ಬಾಗಿಲು 900 ಎಂಎಂ ತೆರವು, ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲು ತೆಗೆಯಲಾಗದು.

ಬೆಂಕಿಯ ವಿಷಯಕ್ಕೆ ಮಾತ್ರ ರಾಜಿ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಮಂದಿ ಸತ್ತರು. ಅವರನ್ನು ಕೊಂದದ್ದು ಬೆಂಕಿಯಷ್ಟೇ ಬೀಗವೂ. ನೀವು "ಗೇಟಿಗೆ ಸದಾ ಬೀಗ ಇರಲಿ, ಕಿಟಕಿಗೆಲ್ಲ ಗ್ರಿಲ್ ಇರಲಿ" ಎಂದು ಷರತ್ತು ಬರೆದರೆ ಅದೇ ಪರಿಸ್ಥಿತಿಯನ್ನು ನೀವೇ ಕೇಳಿದಂತೆ. ಬದಲಿಗೆ: ಪ್ರತಿ ಮಹಡಿಯಲ್ಲಿ ಒಂದಾದರೂ ತೆರೆಯುವ ಗ್ರಿಲ್, ಎದುರುಬದುರು ತುದಿಯಲ್ಲಿ ಎರಡು ಮೆಟ್ಟಿಲು, ಕೋಣೆಗಳಲ್ಲಿ ಹೊಗೆ ಸೂಚಕ, 19 ಕೆಜಿ ಸಿಲಿಂಡರುಗಳು ಕಟ್ಟಡದ ಹೊರಗೆ ಜಾಲರಿ ಗೂಡಿನಲ್ಲಿ, ನಡೆಯಲಾಗದವರೆಲ್ಲ ನೆಲಮಹಡಿಯಲ್ಲಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ ನೆಲ ಮತ್ತು ಒಂದು ಮಹಡಿಗೆ ನಿಲ್ಲಿಸುವುದೇ ವಾಸಿ. ಗೇಟಿಗೆ ಬೀಗದ ಬದಲು ತೆರೆದಾಗ ಗಂಟೆ ಬಾರಿಸುವ ಸೆನ್ಸರ್ ಹಾಕಲಿ, ಅಗ್ಗದ ವಸ್ತು.

ಉತ್ತರ 5: ಹಳೇ_ಫೈಲು

ನಿಮ್ಮ ಸಭೆಯ ಮಾತು ಕೇಳಿದರೆ ಅಮೆರಿಕದ ಟೆಕ್ಸಾಸಿನ ಕ್ಲೀಬರ್ನ್ ಊರಿನ ಪ್ರಕರಣ ನೆನಪಾಗುತ್ತದೆ. ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ವಾದಗಳು ಅಕ್ಷರಶಃ ಇವೇ. ಬೌದ್ಧಿಕ ಅಂಗವೈಕಲ್ಯವಿರುವ 13 ಮಂದಿಯ ಗ್ರೂಪ್ ಹೋಮಿಗೆ ವಿಶೇಷ ಪರವಾನಗಿ ಬೇಕೆಂದು ನಗರಸಭೆ ಹಟ ಹಿಡಿದು, 3-1 ಮತದಲ್ಲಿ ನಿರಾಕರಿಸಿತು. ಕಾರಣಗಳು: ನೆರೆಯವರಿಗೆ ಇಷ್ಟವಿಲ್ಲ, ಎದುರಿಗೆ ಶಾಲೆಯಿದೆ ಮಕ್ಕಳು ಚುಡಾಯಿಸಬಹುದು, ಜಾಗ ಐನೂರು ವರ್ಷಕ್ಕೊಮ್ಮೆ ನೆರೆ ಬರುವ ಬಯಲಿನಲ್ಲಿದೆ, ಜನ ಹೆಚ್ಚಾದರು. ಸುಪ್ರೀಂ ಕೋರ್ಟು 1985ರಲ್ಲಿ ಒಂದೊಂದನ್ನೇ ಬಿಡಿಸಿತು. ಆ ಶಾಲೆಯಲ್ಲೇ ಇಂಥ ಸುಮಾರು 30 ವಿದ್ಯಾರ್ಥಿಗಳು ಓದುತ್ತಿದ್ದರು. ಅದೇ ಬಯಲಿನಲ್ಲಿ ವೃದ್ಧಾಶ್ರಮವನ್ನೋ ಆಸ್ಪತ್ರೆಯನ್ನೋ ಪರವಾನಗಿಯಿಲ್ಲದೆ ಕಟ್ಟಬಹುದಿತ್ತು. ಹಾಗಾದರೆ ಇವರಿಗೆ ಮಾತ್ರ ಏಕೆ?

ನಿಮ್ಮ ಪ್ರತಿ ಆಕ್ಷೇಪಕ್ಕೂ ಇದೇ ಪರೀಕ್ಷೆ ಒಡ್ಡಿ. ಅಲ್ಲಿ ಗ್ರೂಪ್ ಹೋಮಿನ ಬದಲು ನರ್ಸರಿ ಶಾಲೆಯೋ ಬ್ಯಾಂಕೋ ಬಂದಿದ್ದರೆ ಇದೇ ಮಾತು ಬರೆಯುತ್ತಿದ್ದಿರಾ? ಹೌದಾದರೆ ಪತ್ರದಲ್ಲಿ ಇಡಿ, ಇಲ್ಲವಾದರೆ ಅಳಿಸಿ. ಸೈಟಿನ ಬೆಲೆಯ ಸಾಲು ಆಗ ತಾನಾಗಿ ಹೋಗುತ್ತದೆ. ಬೀಳುತ್ತದೆ ಎನ್ನುವವರ ಕೈಯಲ್ಲಿ ನೋಂದಾಯಿತ ಕ್ರಯಪತ್ರದ ಒಂದಾದರೂ ಅಂಕಿಯಿದೆಯೇ ಕೇಳಿ ನೋಡಿ.

ಪ್ರಶ್ನೆ ಕೇಳಿದವರಿಂದ: ಸಂಘದ_ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ನಕ್ಷೆಗೆ ಅರ್ಜಿ ಹಾಕುತ್ತಿದ್ದೇವೆ. ಇನ್ನೆರಡು ಕೇಳಬೇಕು. ನಿವಾಸಿಗಳ ಪೊಲೀಸ್ ಪರಿಶೀಲನೆ ಆಗಲಿ, ಎಲ್ಲ ಕಡೆ ಸಿಸಿಟಿವಿ ಇರಲಿ, ಅದರ ದೃಶ್ಯ ಸಂಘಕ್ಕೂ ಸಿಗಲಿ ಎಂದು ಕೆಲವರ ಪಟ್ಟು. ಹಾಗೆಯೇ ಆರ್‌ಟಿಐ ಅರ್ಜಿಯಲ್ಲಿ ಏನೇನು ಕೇಳಬೇಕು?

ಉತ್ತರ 6: ನಕ್ಷೆ_ಮೊದಲು

ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಕೇಳಿ, ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಮಾಡಿಸಬಹುದು. ದುರ್ಬಲರನ್ನು ನೋಡಿಕೊಳ್ಳುವವರು ಅವರು, ತಪಾಸಣೆ ಅಲ್ಲಿಗೆ ಬೇಕು. ನಿವಾಸಿಗಳದ್ದು ಕೇಳಬೇಡಿ. ನಿಮ್ಮ ಬಡಾವಣೆಗೆ ಬಾಡಿಗೆಗೆ ಬರುವವರಿಗೆಲ್ಲ ಸಂಘ ಅದನ್ನು ಕೇಳುತ್ತದೆಯೇ? ಕ್ಯಾಮೆರಾ ಗೇಟಿಗೆ, ಕಾರಿಡಾರಿಗೆ ಸಾಕು. ದೃಶ್ಯ ಸಂಘದ ಕೈಗೆ ಬರಬಾರದು, ಅದು ಮನೆ.

ಆರ್‌ಟಿಐ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಹೆಚ್ಚಿನವು ತಿರಸ್ಕೃತವಾಗುವುದು ಇಲ್ಲೇ. ಎರಡು ಅರ್ಜಿ ಮಾಡಿ, ಒಂದೊಂದಕ್ಕೆ 10 ರೂಪಾಯಿ. ಮೊದಲನೆಯದು ಜಾಗದ್ದು: "ಸಿಎ ಸೈಟು ಸಂಖ್ಯೆ ಇಂಥದ್ದು, ಇಂಥ ಬಡಾವಣೆ. ಅನುಮೋದಿತ ನಕ್ಷೆ, ಸಿಎ ವಹಿಯ ಪುಟ, ಅಳತೆ ಮತ್ತು ಚೆಕ್ಕುಬಂದಿ, ಪಾಲಿಕೆಗೆ ಹಸ್ತಾಂತರ ಪತ್ರವಿದ್ದರೆ ಅದು, ಇವುಗಳ ದೃಢೀಕೃತ ಪ್ರತಿ ಕೊಡಿ." ಎರಡನೆಯದು ಹಂಚಿಕೆಯದ್ದು: "ಸದರಿ ಸೈಟಿಗೆ ಅರ್ಜಿ ಕರೆದ ಪ್ರಕಟಣೆ, ಬಂದ ಅರ್ಜಿಗಳ ಪಟ್ಟಿ, ಸಮಿತಿಯ ನಡವಳಿ, ಟಿಪ್ಪಣಿ ಹಾಳೆ, ಹಂಚಿಕೆ ಪತ್ರ, ಗುತ್ತಿಗೆ ಕರಾರಿನ ಕರಡು." "ಏಕೆ ಕೊಟ್ಟಿರಿ" ಎಂದು ಬರೆಯಬೇಡಿ, ಏಕೆ ಎಂಬುದು ಮಾಹಿತಿಯಲ್ಲ, ದಾಖಲೆ ಮಾತ್ರ ಮಾಹಿತಿ. ಉತ್ತರಕ್ಕೆ 30 ದಿನ, ನಿಮ್ಮ ಗಡುವು ಎರಡು ವಾರ. ಆದ್ದರಿಂದ ನಿಲುವಿನ ಪತ್ರದಲ್ಲಿ "ಕೋರಿದ ದಾಖಲೆ ಬಂದ ಮೇಲೆ ಹೆಚ್ಚುವರಿ ಹೇಳಿಕೆ ಸಲ್ಲಿಸುವ ಹಕ್ಕು ಕಾಯ್ದಿರಿಸಿದೆ" ಎಂಬ ಸಾಲು ಸೇರಿಸಿ, ಮುದ್ರೆ ಹಾಕಿದ ಸ್ವೀಕೃತಿ ಪಡೆಯಿರಿ.

ಪತ್ರದ ತಿರುಳು ಹೀಗಿರಲಿ: "ಸೈಟು ನಕ್ಷೆಯ ಪ್ರಕಾರ ಸಿಎ ಆಗಿದ್ದು ಪಾರ್ಕಿನ ಗಡಿ ಸರ್ವೆ ಮಾಡಿ ಕಲ್ಲು ನೆಟ್ಟ ನಂತರ ಹಂಚಿಕೆಗೆ ಸಂಘದ ಆಕ್ಷೇಪವಿಲ್ಲ. ಗುತ್ತಿಗೆ ಕರಾರಿನಲ್ಲಿ ಇವು ಸೇರಲಿ: ಉಪಗುತ್ತಿಗೆ, ಮದುವೆ ಹಾಲ್, ವಾಣಿಜ್ಯ ಬಾಡಿಗೆ ನಿಷೇಧ, 2016ರ ಕಾಯ್ದೆಯ ನೋಂದಣಿ ಸಿಕ್ಕ ಮೇಲೆಯೇ ವಾಸ ಆರಂಭ, ಗರಿಷ್ಠ 20 ನಿವಾಸಿಗಳು, ಸಣ್ಣ ಘಟಕಗಳಾಗಿ, ಹಗಲು ರಾತ್ರಿಯ ಸಿಬ್ಬಂದಿ ಸಂಖ್ಯೆ, ವಾರ್ಷಿಕ ಆಡಿಟ್ ಪ್ರತಿ ಸಾರ್ವಜನಿಕ, ಕಾಂಪೌಂಡಿನೊಳಗೆ ತಪಾಸಣೆ ಗುಂಡಿ, ರ‍್ಯಾಂಪ್, ವಾಹನ ನಿಲುಗಡೆ." ಚರಂಡಿಯ ಹಳೆಯ ದೂರನ್ನು ಜಲಮಂಡಳಿಗೆ ಬೇರೆ ಪತ್ರದಲ್ಲೇ ಕೊಡಿ. ಅದಕ್ಕೂ ಟ್ರಸ್ಟಿಗೂ ಸಂಬಂಧವಿಲ್ಲ, ಒಂದರಲ್ಲಿ ಬೆರೆಸಿದರೆ ಎರಡೂ ಕಡೆ ಯಾರೂ ಓದುವುದಿಲ್ಲ.

ಉತ್ತರ 7: ಆರೈಕೆ_ಕ್ಷೇತ್ರ

ಮೇಲಿನ ಪತ್ರಕ್ಕೆ ಒಂದು ಸೇರಿಸಿ: ಟ್ರಸ್ಟಿನ ಕಡೆಯಿಂದ ಒಂದು ಫೋನ್ ಸಂಖ್ಯೆ, ರಾತ್ರಿಯೂ ಎತ್ತುವಂಥದ್ದು, ಅಕ್ಕಪಕ್ಕದ ಹತ್ತು ಮನೆಗೆ. ಯಾರಾದರೂ ಗೇಟು ದಾಟಿ ಬಂದು ನಿಂತಿದ್ದರೆ ಪೊಲೀಸರಿಗಿಂತ ಮೊದಲು ಆ ಸಂಖ್ಯೆಗೆ ಕರೆ ಹೋಗಬೇಕು. ಬೀದಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108.

ಮೂರನೇ_ಅಡ್ಡರಸ್ತೆ ಅವರ ಸಂಖ್ಯೆಯ ತಕರಾರು ನ್ಯಾಯವಾದದ್ದೇ. ಆದರೆ ನಾಲ್ಕು ಮನೆಗೂ ರಾತ್ರಿ ಎಚ್ಚರದಲ್ಲಿ ಒಬ್ಬೊಬ್ಬರು ಬೇಕಾಗುತ್ತದೆ, ಇಬ್ಬರಲ್ಲ, ನಾಲ್ವರು. ವಾರಕ್ಕೆ ಇನ್ನೂ 112 ಗಂಟೆ, ಅಂದರೆ ಎರಡು ಮೂರು ಸಂಬಳ ಹೆಚ್ಚು. ಅದನ್ನು ಟ್ರಸ್ಟ್ ಹೊರಬಲ್ಲುದೇ ಎಂದು ಕೇಳಿಯೇ ಷರತ್ತು ಬರೆಯಿರಿ.

ಉತ್ತರ 8: ಮೂರನೇ_ಅಡ್ಡರಸ್ತೆ

ಸರಿ, ಸಂಬಳದ ಮಾತು ಒಪ್ಪಿದೆ. ಎರಡೆರಡು ಮನೆಗೆ ನಡುವೆ ಬಾಗಿಲಿಟ್ಟು ಒಬ್ಬರು ನೋಡಿಕೊಳ್ಳುವಂತೆ ಕಟ್ಟಬಹುದೇನೋ, ಇಟ್ಟಿಗೆ_ಸುಣ್ಣ ಹೇಳಲಿ. ಕಾರ್ಯದರ್ಶಿಗಳೇ, ಒಂದು ಕೆಲಸ ಮಾತ್ರ ಮರೆಯಬೇಡಿ. ಮೂವತ್ತು ವರ್ಷದ ಗುತ್ತಿಗೆ ಎಂದರೆ ನೋಂದಣಿ ಕಡ್ಡಾಯ, ಹಾಗಾಗಿ ಅದು ಋಣಭಾರ ಪತ್ರದಲ್ಲಿ (ಇಸಿ) ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ವರ್ಷಕ್ಕೊಮ್ಮೆ ಆ ಸೈಟಿನ ಇಸಿ ತೆಗೆಯಿರಿ. ನೋಂದಾಯಿಸಿದ ಉಪಗುತ್ತಿಗೆಯೋ ಅಡಮಾನವೋ ಆಗಿದ್ದರೆ ಅಲ್ಲಿ ಸಿಗುತ್ತದೆ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡಿದ್ದರೆ ಸಿಗುವುದಿಲ್ಲ, ಅದಕ್ಕೆ ಬೋರ್ಡಿನ ಮೇಲೆ ಕಣ್ಣಿಡಬೇಕು.